ಗುಂಪು ಅಂಕದಿಂದ ವೈಯಕ್ತಿಕ ಅಂಕಕ್ಕೆ: ಸಹಪಾಠಿ ಮೌಲ್ಯಮಾಪನದ ಗುಣಕಗಳ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ವಿಶ್ವವಿದ್ಯಾಲಯಗಳ ವಾಣಿಜ್ಯ ಮತ್ತು ನಿರ್ವಹಣಾ ವಿಭಾಗಗಳಲ್ಲಿ ನಾಲ್ಕೈದು ವಿದ್ಯಾರ್ಥಿಗಳ ಗುಂಪಿಗೆ ಒಂದೇ ಪ್ರಾಜೆಕ್ಟ್ ಕೊಡುವುದು ಹಲವು ದಶಕಗಳ ವಾಡಿಕೆ. ಹೊಸ ಸರಕಿನ ಮಾರುಕಟ್ಟೆ ಯೋಜನೆ, ಕಂಪನಿಯೊಂದರ ಲೆಕ್ಕಪತ್ರಗಳ ವಿಶ್ಲೇಷಣೆ, ಉದ್ಯಮದ ಅನುಕರಣ ಆಟ, ಇಂಥವು. ಅಧ್ಯಾಪಕರು ವರದಿಗೆ ಕೊಡುವುದು ಒಂದು ಅಂಕ. ಅಂಕಪಟ್ಟಿ ಹೊರಡುವುದು ಒಬ್ಬೊಬ್ಬರ ಹೆಸರಿನಲ್ಲಿ. ಈ ಎರಡರ ನಡುವಿನ ಅಂತರವನ್ನು ತುಂಬಲು ಬಳಕೆಗೆ ಬಂದ ಸಾಧನಗಳಲ್ಲಿ ಒಂದು, ಗುಂಪಿನ ಸದಸ್ಯರೇ ಪರಸ್ಪರರ ಕೊಡುಗೆಗೆ ಅಂಕ ಕೊಡುವ ಪದ್ಧತಿ.

ಈ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಇಲ್ಲಿಯ ವಿಷಯವಲ್ಲ. ಪರಿಶೀಲಿಸಿರುವುದು ಅದಕ್ಕಿಂತ ಚಿಕ್ಕ ಪ್ರಶ್ನೆಯನ್ನು: ಸದಸ್ಯರು ಕೊಟ್ಟ ಕಚ್ಚಾ ಅಂಕಗಳು ಬದಲಾಗದಿದ್ದರೂ, ಅವುಗಳನ್ನು ವೈಯಕ್ತಿಕ ಅಂಕವಾಗಿ ಪರಿವರ್ತಿಸುವ ಸೂತ್ರ ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ? ಉತ್ತರ, ಕನಿಷ್ಠ ಕೆಳಗಿನ ಉದಾಹರಣೆಯ ಮಟ್ಟಿಗೆ, ನಿರೀಕ್ಷೆಗಿಂತ ಹೆಚ್ಚು ಎಂಬುದಾಗಿದೆ.

2. ಪದಗಳು

2.1 ‘ಸಹಪಾಠಿ ಮೌಲ್ಯಮಾಪನ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕ್ರಿಯೆಗಳು ನಡೆಯುತ್ತವೆ. ಮೊದಲನೆಯದರಲ್ಲಿ ವಿದ್ಯಾರ್ಥಿಗಳು ತಮ್ಮದಲ್ಲದ ಗುಂಪಿನ ಕೆಲಸಕ್ಕೆ, ಉದಾಹರಣೆಗೆ ತರಗತಿಯ ಎದುರು ನಡೆದ ಮಂಡನೆಗೆ, ಅಂಕ ಕೊಡುತ್ತಾರೆ. ಎರಡನೆಯದರಲ್ಲಿ ತಮ್ಮದೇ ಗುಂಪಿನ ಸದಸ್ಯರು ಎಷ್ಟು ದುಡಿದರು ಎಂಬುದಕ್ಕೆ ಅಂಕ ಕೊಡುತ್ತಾರೆ. ಈ ಟಿಪ್ಪಣಿಯಲ್ಲಿ ಮೊದಲನೆಯದನ್ನು ‘ಹೊರಗುಂಪು ಮೌಲ್ಯಮಾಪನ’, ಎರಡನೆಯದನ್ನು ‘ಒಳಗುಂಪು ಮೌಲ್ಯಮಾಪನ’ ಎಂದು ಕರೆಯಲಾಗಿದೆ. ಮಾರ್ಕ್ ಫ್ರೀಮನ್ 1995ರಲ್ಲಿ ಸಿಡ್ನಿಯ ತಾಂತ್ರಿಕ ವಿಶ್ವವಿದ್ಯಾಲಯದ ಅಂತಿಮ ವರ್ಷದ ಬಿಸಿನೆಸ್ ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಮೊದಲ ವರ್ಗದ್ದು. ಅವರೇ ಜೋ ಮೆಕೆಂಜಿ ಅವರೊಡನೆ 2002ರಲ್ಲಿ ಪ್ರಕಟಿಸಿದ, ‘ಸ್ಪಾರ್ಕ್’ ಎಂಬ ಮೌಲ್ಯಮಾಪನ ಸಾಧನದ ಕುರಿತ ಲೇಖನ ಎರಡನೆಯ ವರ್ಗದ್ದು. ಒಬ್ಬರೇ ಲೇಖಕರ ಹೆಸರು ಎರಡೂ ಕಡೆ ಇರುವುದರಿಂದ ಉಲ್ಲೇಖಿಸುವಾಗ ಇವೆರಡನ್ನು ಒಂದರ ಮುಂದುವರಿಕೆ ಇನ್ನೊಂದೆಂದು ಭಾವಿಸುವ ಸಾಧ್ಯತೆ ಇದೆ. ಅಳೆಯುವ ವಸ್ತುವೇ ಬೇರೆಯಾದ ಕಾರಣ ಹಾಗೆ ಭಾವಿಸಲಾಗದು.

2.2 ಗುಂಪಿನಲ್ಲಿ ದುಡಿಮೆ ಕುಗ್ಗುವುದಕ್ಕೆ ಸಂಬಂಧಿಸಿದ ಮೂರು ಪರಿಕಲ್ಪನೆಗಳನ್ನೂ ಬೇರ್ಪಡಿಸಿಕೊಳ್ಳಬೇಕು. (ಅ) ಗುಂಪಿನಲ್ಲಿದ್ದಾಗ ಒಬ್ಬನ ಪ್ರಯತ್ನ, ಒಂಟಿಯಾಗಿ ದುಡಿಯುವಾಗಿನದಕ್ಕಿಂತ ತಗ್ಗುವುದು. 1979ರಲ್ಲಿ ಬಿಬ್ ಲಟಾನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಇದಕ್ಕೆ ಹೆಸರಿಟ್ಟವರು. (ಆ) ತನ್ನ ಪಾಲಿಲ್ಲದೆಯೂ ಫಲ ದೊರೆಯುತ್ತದೆಂದು ಲೆಕ್ಕ ಹಾಕಿ ದೂರ ಉಳಿಯುವುದು. ಇದರ ಮೂಲ ಮ್ಯಾನ್ಕರ್ ಓಲ್ಸನ್ ಅವರ 1965ರ ಕೃತಿಯ ಅರ್ಥಶಾಸ್ತ್ರೀಯ ವಾದ. (ಇ) ಇನ್ನೊಬ್ಬ ದೂರ ಉಳಿದದ್ದನ್ನು ಕಂಡು, ತಾನೊಬ್ಬನೇ ಏಕೆ ದುಡಿದು ಪೆದ್ದನಾಗಬೇಕೆಂದು ದುಡಿಯುವವನೂ ಕೈಬಿಡುವುದು. ಇದನ್ನು ನಾರ್ಬರ್ಟ್ ಕೆರ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು.

ಮೊದಲನೆಯದಕ್ಕೆ ಕನ್ನಡದಲ್ಲಿ ಸಹಜವಾಗಿ ಒದಗುವ ‘ಮೈಗಳ್ಳತನ’ ಪೂರ್ಣ ಒಪ್ಪುವುದಿಲ್ಲ. ಮೈಗಳ್ಳತನ ವ್ಯಕ್ತಿಯ ಸ್ವಭಾವ. ಲಟಾನೆ ಮತ್ತು ಸಂಗಡಿಗರು ಹೇಳುತ್ತಿರುವುದು ಸಂದರ್ಭದ ಪರಿಣಾಮವನ್ನು: ಅದೇ ವ್ಯಕ್ತಿ ಒಂಟಿಯಾಗಿದ್ದಾಗ ಪೂರ್ತಿ ದುಡಿಯುತ್ತಾನೆ. ‘ಪ್ರಯತ್ನ ಕುಗ್ಗುವಿಕೆ’ ಎಂಬುದು ಸಪ್ಪೆಯಾದರೂ ಸುರಕ್ಷಿತ. ಎರಡನೆಯದಕ್ಕೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತು ನೆನಪಾಗುವುದುಂಟು. ನಿಖರವಾಗಿ ನೋಡಿದರೆ ಇಲ್ಲಿ ಅದು ತಿರುವುಮುರುವು. ಈ ಸದಸ್ಯ ಲೆಕ್ಕಕ್ಕುಂಟು, ಆಟಕ್ಕಿಲ್ಲ.

3. ರಿಂಗೆಲ್ಮಾನ್: ದಿನಾಂಕ ಮತ್ತು ಅಂಕಿಗಳು

ಒಳಗುಂಪು ಮೌಲ್ಯಮಾಪನವನ್ನು ಸಮರ್ಥಿಸುವ ಲೇಖನಗಳು ಹಗ್ಗ ಎಳೆಯುವ ಪ್ರಯೋಗದಿಂದ ಶುರುವಾಗುವುದು ಸಾಮಾನ್ಯ. ಆ ಪ್ರಯೋಗದ ದಿನಾಂಕ ಮಾತ್ರ ಒಂದೊಂದು ಕಡೆ ಒಂದೊಂದು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮಾನ್ ಪ್ರಯೋಗಗಳನ್ನು ನಡೆಸಿದ್ದು 1882 ಮತ್ತು 1887ರ ನಡುವೆ. ಪ್ರಕಟಿಸಿದ್ದು 1913ರಲ್ಲಿ. ಜರ್ಮನಿಯ ವಾಲ್ಥರ್ ಮ್ಯೋಡೆ ಅದನ್ನು 1927ರಲ್ಲಿ ವರದಿ ಮಾಡಿದರು, ಮುಂದಿನ ಅರ್ಧ ಶತಮಾನ ಅನೇಕರು ಓದಿದ್ದು ಆ ವರದಿಯನ್ನೇ. ಮೂಲವನ್ನು ಮತ್ತೆ ಎದುರಿಗಿಟ್ಟು ವಿವರಿಸಿದವರು ಡೇವಿಡ್ ಕ್ರಾವಿಟ್ಸ್ ಮತ್ತು ಬಾರ್ಬರಾ ಮಾರ್ಟಿನ್, 1986ರಲ್ಲಿ. ಆದ್ದರಿಂದ 1880ರ ದಶಕ, 1913, 1927 ಈ ಮೂರೂ ದಿನಾಂಕಗಳು ತಪ್ಪಲ್ಲ. ಯಾವುದು ಯಾವುದರ ದಿನಾಂಕ ಎಂದು ಹೇಳದಿರುವುದು ತಪ್ಪು.

ಅಂಕಿಗಳಲ್ಲೂ ಸಣ್ಣ ವ್ಯತ್ಯಾಸವಿದೆ. ಮ್ಯೋಡೆ ಮೂಲಕ ಹರಡಿದ ಅಂಕಿಗಳ ಪ್ರಕಾರ ಒಬ್ಬನ ಎಳೆತ 63 ಕಿಲೋಗ್ರಾಂ, ಇಬ್ಬರದು 118, ಮೂವರದು 160, ಎಂಟು ಜನರದು 248. ತಲಾ ಲೆಕ್ಕ ಹಾಕಿ 63ರಿಂದ ಭಾಗಿಸಿದರೆ ಮೂವರಿಗೆ 0.85, ಎಂಟು ಜನಕ್ಕೆ 0.49 ಬರುತ್ತದೆ. ಇವು ಎಲ್ಲೆಡೆ ಉಲ್ಲೇಖವಾಗುವ ಅಂಕಿಗಳಿಗೆ ಹೊಂದುತ್ತವೆ. ಇಬ್ಬರಿಗೆ ಬರುವುದು 0.937, ದುಂಡಾಗಿಸಿದರೆ 0.94. ಉಲ್ಲೇಖವಾಗುವುದು 0.93. ಬಹುಶಃ ದಶಾಂಶವನ್ನು ಕತ್ತರಿಸಿದ ಫಲ. 1986ರ ಲೇಖನದಿಂದ ಪರಿಚಿತವಾದ ಪೂರ್ಣ ಶ್ರೇಣಿ 1.00, 0.93, 0.85, 0.77, 0.70, 0.63, 0.56, 0.49. ಪ್ರತಿ ಹೆಜ್ಜೆಯ ಇಳಿತ 0.07 ಅಥವಾ 0.08. ಅಳತೆಯಿಂದ ನೇರವಾಗಿ ಬಂದ ಅಂಕಿಗಳು ಇಷ್ಟು ನೇರವಾದ ಗೆರೆಯ ಮೇಲೆ ಕೂರುವುದು ಅಪರೂಪ ಎಂದಷ್ಟೇ ಇಲ್ಲಿ ದಾಖಲಿಸಬಹುದು.

ವಾದಕ್ಕೆ ಹೆಚ್ಚು ಮುಖ್ಯವಾದುದು ಬೇರೆ. ರಿಂಗೆಲ್ಮಾನ್ ಇಳಿತಕ್ಕೆ ಮುಖ್ಯ ಕಾರಣವೆಂದು ಕಂಡದ್ದು ಹೊಂದಾಣಿಕೆಯ ನಷ್ಟವನ್ನು. ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ದಿಕ್ಕಿಗೆ ಎಳೆಯುವುದು ಕಷ್ಟ. ಪ್ರಯತ್ನವೇ ಕುಗ್ಗಿತೆಂಬುದನ್ನು ಬೇರ್ಪಡಿಸಿ ತೋರಿಸಿದ್ದು ಅಲನ್ ಇಂಗಮ್ ಮತ್ತು ಸಂಗಡಿಗರ 1974ರ ಪ್ರಯೋಗ. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ್ದ ವ್ಯಕ್ತಿ ತನ್ನ ಹಿಂದೆ ಇತರರೂ ಎಳೆಯುತ್ತಿದ್ದಾರೆಂದು ನಂಬಿದ್ದ, ವಾಸ್ತವದಲ್ಲಿ ಅವರು ಎಳೆಯುತ್ತಿರಲಿಲ್ಲ. ಅದರಲ್ಲಿ ಇಳಿತ ಮೂರನೆಯ ಸದಸ್ಯನವರೆಗೆ ಕಂಡು, ಆಮೇಲೆ ಹೆಚ್ಚುಕಡಿಮೆ ನಿಂತಿತು. ಹೀಗಾಗಿ ‘ಎಂಟು ಜನರ ಗುಂಪಿನಲ್ಲಿ ಒಬ್ಬೊಬ್ಬರು ಅರ್ಧ ಮಾತ್ರ ದುಡಿಯುತ್ತಾರೆ’ ಎಂದು 1913ರ ಅಂಕಿಯಿಂದ ತೀರ್ಮಾನಿಸಲು ಬಾರದು. ಆ ಅರ್ಧದಲ್ಲಿ ಎರಡು ನಷ್ಟಗಳು ಸೇರಿವೆ.

ಸಹಪಾಠಿ ಅಂಕಕ್ಕೆ ನಿಜವಾದ ಸೈದ್ಧಾಂತಿಕ ಆಧಾರ ಹಗ್ಗದಿಂದ ಬಂದುದಲ್ಲ. ಯಾರ ಕೊಡುಗೆ ಯಾವುದೆಂದು ಗುರುತಿಸಬಹುದಾದಾಗ ಕುಗ್ಗುವಿಕೆ ಕಡಿಮೆಯಾಗುತ್ತದೆಂದು ವಿಲಿಯಮ್ಸ್, ಹಾರ್ಕಿನ್ಸ್, ಲಟಾನೆ 1981ರಲ್ಲಿ ತೋರಿಸಿದ್ದು, ಮತ್ತು ಸ್ಟೀವನ್ ಕರೌ, ವಿಲಿಯಮ್ಸ್ 1993ರಲ್ಲಿ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದು ಆ ಆಧಾರಕ್ಕೆ ಹತ್ತಿರ.

4. ಸೂತ್ರಗಳ ಹಿನ್ನೆಲೆ

ಗುಂಪು ಅಂಕವನ್ನು ಸದಸ್ಯನಿಗೊಂದು ಗುಣಕದಿಂದ ಗುಣಿಸಿ ವೈಯಕ್ತಿಕ ಅಂಕ ಪಡೆಯುವ ಕ್ರಮಕ್ಕೆ ಹೆಚ್ಚಾಗಿ ಉಲ್ಲೇಖವಾಗುವ ಆರಂಭಬಿಂದು ಜೂಡಿ ಗೋಲ್ಡ್‌ಫಿಂಚ್ ಮತ್ತು ರಾಬರ್ಟ್ ರೇಸೈಡ್ ಅವರ 1990ರ ಲೇಖನ. ಎಡಿನ್‌ಬರೋದ ನೇಪಿಯರ್‌ನಿಂದ ಬಂದದ್ದು. ನಂತರದ ಬರಹಗಳು ಇದನ್ನು ‘ನೇಪಿಯರ್ ವಿಶ್ವವಿದ್ಯಾಲಯ’ ಎಂದು ಬರೆಯುವುದುಂಟು. 1990ರಲ್ಲಿ ಅದು ಇನ್ನೂ ಪಾಲಿಟೆಕ್ನಿಕ್, ವಿಶ್ವವಿದ್ಯಾಲಯವಾದದ್ದು 1992ರಲ್ಲಿ. ಅವರ ನಮೂನೆಯಲ್ಲಿ ಎರಡು ಭಾಗಗಳಿದ್ದವು: ಯಾವ ಕೆಲಸದಲ್ಲಿ ಯಾರು ಪಾಲ್ಗೊಂಡರು ಎಂಬುದು ಒಂದು, ಗುಂಪು ನಡೆದ ರೀತಿಗೆ ಯಾರ ಕೊಡುಗೆ ಎಷ್ಟೆಂಬುದು ಇನ್ನೊಂದು. 1994ರಲ್ಲಿ ಗೋಲ್ಡ್‌ಫಿಂಚ್ ಒಬ್ಬರೇ ಇದರ ಪರಿಷ್ಕರಣೆಯನ್ನು ಪ್ರಕಟಿಸಿದರು.

ನಡುವೆ 1993ರಲ್ಲಿ ಹಾಂಗ್‌ಕಾಂಗ್ ಪಾಲಿಟೆಕ್ನಿಕ್‌ನ ಕಾನ್‌ವೇ, ಕೆಂಬರ್, ಸಿವಾನ್, ವೂ ಈ ಕ್ರಮವನ್ನು ಬಹಳ ಸರಳಗೊಳಿಸಿದರು. (ಇದೂ ವಿಶ್ವವಿದ್ಯಾಲಯವಾದದ್ದು ಲೇಖನದ ಮರುವರ್ಷ, 1994ರಲ್ಲಿ.) ಅವರ ಗುಣಕ ಒಂದು ಭಾಗಾಕಾರ ಅಷ್ಟೆ: ಸದಸ್ಯನಿಗೆ ದೊರೆತ ಒಟ್ಟು ಅಂಕವನ್ನು ಗುಂಪಿನ ಸರಾಸರಿಯಿಂದ ಭಾಗಿಸುವುದು. ಸರಾಸರಿ ದುಡಿದವನ ಗುಣಕ 1. ಈಗ ಬಳಕೆಯಲ್ಲಿರುವ ಬಹುಪಾಲು ಸೂತ್ರಗಳನ್ನು ಇದರ ರೂಪಾಂತರಗಳೆಂದು ಓದಬಹುದು. ಇಲ್ಲಿಗೆ ಸಂಬಂಧಿಸಿದ ರೂಪಾಂತರಗಳು ಮೂರು.

ಫ್ರೀಮನ್ ಮತ್ತು ಮೆಕೆಂಜಿ ವಿವರಿಸಿದ ಸ್ಪಾರ್ಕ್ ಅದೇ ಅನುಪಾತದ ವರ್ಗಮೂಲವನ್ನು ಗುಣಕವಾಗಿ ತೆಗೆದುಕೊಳ್ಳುತ್ತದೆ. ಕಾಫ್‌ಮನ್, ಫೆಲ್ಡರ್, ಫುಲ್ಲರ್ 2000ದಲ್ಲಿ ಎಂಜಿನಿಯರಿಂಗ್ ತರಗತಿಗಳಿಗಾಗಿ ಪ್ರಕಟಿಸಿದ ಕ್ರಮದಲ್ಲಿ ಗುಣಕ 1.05 ಮೀರುವಂತಿಲ್ಲ, ಮೀರಿದರೆ ಅಲ್ಲಿಗೇ ಕತ್ತರಿಸಲಾಗುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ವೆಬ್‌ಪಿಎ’ ತಂತ್ರಾಂಶ ಮೊದಲು ಪ್ರತಿ ಮೌಲ್ಯಮಾಪಕನ ಅಂಕಗಳನ್ನು ಅವನು ಹಂಚಿದ ಒಟ್ಟು ಮೊತ್ತದಿಂದ ಭಾಗಿಸುತ್ತದೆ, ಆಮೇಲೆ ಕೂಡಿಸುತ್ತದೆ. ಹೀಗೆ ಬಿಗಿಗೈಯವನೂ ಧಾರಾಳಿಯೂ ತಲಾ ಒಂದೇ ಪಾಲನ್ನು ಹಂಚಿದಂತಾಗುತ್ತದೆ. ಸದಸ್ಯ ತನಗೆ ತಾನೇ ಅಂಕ ಕೊಡುವುದನ್ನು ಸೇರಿಸಬೇಕೋ ಬಿಡಬೇಕೋ ಎಂಬುದು ಇವೆಲ್ಲಕ್ಕೂ ಅಡ್ಡಲಾಗಿ ಸಾಗುವ ಇನ್ನೊಂದು ಆಯ್ಕೆ. ಸಂಡರ್‌ಲೆಂಡ್ ವಿಶ್ವವಿದ್ಯಾಲಯದ ಲೆಜ್ಕ್ ಮತ್ತು ವೈವಿಲ್ 2001ರ ಲೇಖನವೊಂದನ್ನು ಈ ಪ್ರಶ್ನೆಗೇ ಮೀಸಲಿಟ್ಟರು.

5. ಒಂದು ಕೋಷ್ಟಕ, ಹಲವು ಅಂಕ

5.1 ಕೆಳಗಿನ ಅಂಕಗಳು ಲೆಕ್ಕಕ್ಕಾಗಿ ರಚಿಸಿದವು, ಯಾವ ತರಗತಿಯಿಂದಲೂ ಬಂದವಲ್ಲ. ನಾಲ್ವರು ಸದಸ್ಯರು: ಕ, ಚ, ಟ, ತ. ವರದಿಯ ಗುಂಪು ಅಂಕ 100ಕ್ಕೆ 60. ಪ್ರತಿಯೊಬ್ಬರೂ ತಾವೂ ಸೇರಿದಂತೆ ನಾಲ್ವರಿಗೂ 20ರೊಳಗೆ ಅಂಕ ಕೊಟ್ಟಿದ್ದಾರೆ. ಅಂಕ ಪಡೆದವರ ಕ್ರಮ ಎಲ್ಲ ಅಡ್ಡಸಾಲುಗಳಲ್ಲೂ ಕ, ಚ, ಟ, ತ.

ಕ ಕೊಟ್ಟದ್ದು: 18, 16, 16, 10. ಮೊತ್ತ 60.
ಚ ಕೊಟ್ಟದ್ದು: 10, 10, 8, 4. ಮೊತ್ತ 32.
ಟ ಕೊಟ್ಟದ್ದು: 16, 12, 14, 8. ಮೊತ್ತ 50.
ತ ಕೊಟ್ಟದ್ದು: 16, 16, 16, 16. ಮೊತ್ತ 64.

ಚ ಬಿಗಿ ಕೈಯವನು. ತ ಎಲ್ಲರಿಗೂ ಸಮ ಕೊಟ್ಟು ಮುಗಿಸಿದ್ದಾನೆ. ಉಳಿದ ಮೂವರ ದೃಷ್ಟಿಯಲ್ಲಿ ತ ಕಡಿಮೆ ದುಡಿದವನು. ಕಂಬಸಾಲಿನ ಮೊತ್ತಗಳು 60, 54, 54, 38. ಸರಾಸರಿ 51.5.

5.2 ಸರಳ ಅನುಪಾತ, ಸ್ವ-ಅಂಕ ಸೇರಿ: ಕ 69.90, ಚ 62.91, ಟ 62.91, ತ 44.27.

ಸರಳ ಅನುಪಾತ, ಸ್ವ-ಅಂಕ ಬಿಟ್ಟು: ಕ 68.11, ಚ 71.35, ಟ 64.86, ತ 35.68.

ಎರಡನೆಯ ಸಾಲಿನಲ್ಲಿ ಚ ಎಲ್ಲರನ್ನೂ ಹಿಂದಿಕ್ಕಿ ಮೇಲೇರಿದ್ದಾನೆ. ಅವನ ಬಗ್ಗೆ ಇತರರ ಅಭಿಪ್ರಾಯ ಇದಕ್ಕೆ ಕಾರಣವಲ್ಲ. ಕ ಮತ್ತು ಟ ಇಬ್ಬರೂ ಚನ ಬಿಗಿ ಕೈಯಿಂದ ಅಂಕ ಪಡೆಯಬೇಕು. ಸ್ವ-ಅಂಕ ಬಿಟ್ಟಾಗ ಆ ಬಿಗಿ ಕೈಯಿಂದ ಪೂರ್ತಿ ಪಾರಾಗುವವನು ಚ ಒಬ್ಬನೇ. ಅಂದರೆ ಈ ಜೋಡಣೆಯಲ್ಲಿ ಇತರರಿಗೆ ಕಡಿಮೆ ಕೊಡುವುದೇ ತನಗೆ ಲಾಭ. ಸ್ವ-ಅಂಕವನ್ನು ಬಿಡುವುದು ಸಾಮಾನ್ಯವಾಗಿ ನ್ಯಾಯದ ಹೆಸರಿನಲ್ಲಿ ನಡೆಯುವ ಕ್ರಮ. ಸಾಲುಗಳನ್ನು ಸಮಗೊಳಿಸದೆ ಅದನ್ನು ಬಿಟ್ಟರೆ ಹೊಸದೊಂದು ದೋಷ ಒಳಬರುತ್ತದೆ. ಈ ಟಿಪ್ಪಣಿಯಲ್ಲಿ ಒತ್ತಿ ಹೇಳಬೇಕಾದ ಅಂಶ ಒಂದಿದ್ದರೆ ಅದು ಇದು.

5.3 ವೆಬ್‌ಪಿಎ ಮಾದರಿಯ ಸಮಗೊಳಿಕೆ, ಸ್ವ-ಅಂಕ ಸೇರಿ: ಕ 70.95, ಚ 64.15, ಟ 62.80, ತ 42.10.

ಅದೇ, ಸ್ವ-ಅಂಕ ಬಿಟ್ಟು: ಕ 73.94, ಚ 62.86, ಟ 64.68, ತ 38.53.

ಇಲ್ಲಿ ಚನ ಲಾಭ ಇಲ್ಲವಾಗಿದೆ. ಆದರೆ ಚ ಮತ್ತು ಟ ಇವರ ಸ್ಥಾನ ಅದಲುಬದಲಾಗಿದೆ: ಸ್ವ-ಅಂಕ ಸೇರಿಸಿದಾಗ ಚ ಮುಂದೆ, ಬಿಟ್ಟಾಗ ಟ ಮುಂದೆ. ಸರಳ ಅನುಪಾತದಲ್ಲಿ ಸ್ವ-ಅಂಕ ಸೇರಿದಾಗ ಇಬ್ಬರೂ ಸಮ. ಒಂದೇ ಕೋಷ್ಟಕದಿಂದ ಈ ಜೋಡಿಗೆ ಸಾಧ್ಯವಿರುವ ಮೂರೂ ಕ್ರಮಗಳು ದೊರೆತಿವೆ.

5.4 ವರ್ಗಮೂಲ, 5.2ರ ಮೊದಲ ಅನುಪಾತದ ಮೇಲೆ: ಕ 64.76, ಚ 61.44, ಟ 61.44, ತ 51.54.

ಎರಡು ಟೀಕೆಗಳು. ಮೊದಲನೆಯದು, ನಾಲ್ವರ ಸರಾಸರಿ 59.79ಕ್ಕೆ ಇಳಿದಿದೆ. ಸರಳ ಅನುಪಾತ ಮತ್ತು ಸಮಗೊಳಿಕೆಗಳಲ್ಲಿ ಸರಾಸರಿ ತಪ್ಪದೆ 60 ಆಗಿರುತ್ತದೆ. ವರ್ಗಮೂಲದಲ್ಲಿ, ಎಲ್ಲರ ಅನುಪಾತವೂ 1 ಆಗಿದ್ದರೆ ಹೊರತು, ಸ್ವಲ್ಪವಾದರೂ ಇಳಿಯಲೇಬೇಕು. ಇಳಿತ ಚಿಕ್ಕದು. ಆದರೂ ಗುಂಪು ಅಂಕ ‘ಮರುಹಂಚಿಕೆ’ಯಾಯಿತು ಎಂಬ ಮಾತು ಇಲ್ಲಿ ಅಕ್ಷರಶಃ ಸರಿಯಲ್ಲ. ಎರಡನೆಯದು, 1ರ ಆಸುಪಾಸಿನ ಸಂಖ್ಯೆಯ ವರ್ಗಮೂಲ ಅದರ ಅಂತರವನ್ನು ಸುಮಾರು ಅರ್ಧಕ್ಕೆ ತರುತ್ತದೆ. ವೆಬ್‌ಪಿಎಯಲ್ಲಿ ಗುಂಪು ಅಂಕದ ಎಷ್ಟು ಭಾಗ ಗುಣಕಕ್ಕೆ ಒಳಪಡಬೇಕೆಂದು ಅಧ್ಯಾಪಕರು ನಿಗದಿ ಮಾಡಬಹುದು. ಅದೇ ಉಪಾಯವನ್ನು ಸರಳ ಅನುಪಾತಕ್ಕೆ ಶೇ. 50ರ ತೂಕದಲ್ಲಿ ಹಚ್ಚಿದರೆ ಕ 64.95, ತ 52.14 ಬರುತ್ತದೆ. ವರ್ಗಮೂಲದ ಅಂಕಗಳಿಂದ ಇವುಗಳ ದೂರ ಹೆಚ್ಚೆಂದರೆ 0.60. ಹೊರನೋಟಕ್ಕೆ ಸಂಬಂಧವಿಲ್ಲದ ಎರಡು ಸೂತ್ರಗಳು ಒಳಗೆ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಿವೆ.

5.5 ಅದೇ ಅನುಪಾತಕ್ಕೆ 1.05ರ ಮಿತಿ: ಕ 63.00, ಚ 62.91, ಟ 62.91, ತ 44.27. ಸರಾಸರಿ 58.27. ಕ ಮತ್ತು ಚ ನಡುವಿನ 6.99 ಅಂಕಗಳ ಅಂತರ 0.09ಕ್ಕೆ ಕುಗ್ಗಿದೆ. ಕೆಳಗಿನ ಕಡೆ ಯಾವ ಬದಲಾವಣೆಯೂ ಇಲ್ಲ. ಒಬ್ಬನೇ ಎಲ್ಲ ಕೆಲಸವನ್ನು ಮೈಮೇಲೆ ಎಳೆದುಕೊಂಡು ಅಂಕ ಬಾಚುವುದನ್ನು ತಡೆಯುವ ಉದ್ದೇಶ ಇದರ ಹಿಂದೆ ಇದ್ದರೆ ಸೂತ್ರ ಅದನ್ನು ಸಾಧಿಸುತ್ತದೆ. ಹೆಚ್ಚು ದುಡಿದವನಿಗೆ ಪ್ರತಿಫಲ ಕೊಡುವುದು ಉದ್ದೇಶವಾಗಿದ್ದರೆ ಸಾಧಿಸುವುದಿಲ್ಲ.

5.6 ತ ತನ್ನ ಹಾಳೆಯನ್ನೇ ಒಪ್ಪಿಸಲಿಲ್ಲ ಎಂದುಕೊಳ್ಳೋಣ. ವೆಬ್‌ಪಿಎ ಇಂಥಲ್ಲಿ ಉಳಿದ ಅಂಕಗಳನ್ನು, ಸದಸ್ಯರ ಸಂಖ್ಯೆಯನ್ನು ಒಪ್ಪಿಸಿದವರ ಸಂಖ್ಯೆಯಿಂದ ಭಾಗಿಸಿ ಬಂದ ಭಾಗಲಬ್ಧದಿಂದ, ಅಂದರೆ ಇಲ್ಲಿ 4/3ರಿಂದ, ಗುಣಿಸುತ್ತದೆ. ಆಗ ಸ್ವ-ಅಂಕ ಸೇರಿದ ಲೆಕ್ಕದಲ್ಲಿ ಕ 74.60, ಚ 65.53, ಟ 63.73, ತ 36.13. ತನ ಅಂಕ 42.10ರಿಂದ 36.13ಕ್ಕೆ ಇಳಿಯಿತು. ಬೇರೆ ಮಾತಿನಲ್ಲಿ, ಎಲ್ಲರಿಗೂ 16 ಎಂದು ಬರೆದ ಒಂದು ಹಾಳೆಯ ಬೆಲೆ ತನಗೆ 5.97 ಅಂಕ. ಒಪ್ಪಿಸದವರಿಗೆ ಪ್ರತ್ಯೇಕ ದಂಡ ವಿಧಿಸುವ ಆಯ್ಕೆಯನ್ನು ಬಳಸುವ ಮುನ್ನ, ಸೂತ್ರವೇ ಆಗಲೇ ಒಂದು ದಂಡ ವಿಧಿಸಿರಬಹುದೆಂಬುದನ್ನು ಗಮನಿಸುವುದು ಒಳಿತು.

5.7 ಬ್ರಿಟಿಷ್ ವಿಶ್ವವಿದ್ಯಾಲಯಗಳ ಪದವಿ ಮಟ್ಟದಲ್ಲಿ 70, 60, 50, 40 ವರ್ಗಗಳ ಗಡಿಗಳು. 70ಕ್ಕೆ ಡಿಸ್ಟಿಂಕ್ಷನ್, 60ಕ್ಕೆ ಫಸ್ಟ್ ಕ್ಲಾಸ್, 50ಕ್ಕೆ ಸೆಕೆಂಡ್ ಕ್ಲಾಸ್ ಎಂದು ಎಣಿಸಿ ಅಭ್ಯಾಸವಿರುವ ಕರ್ನಾಟಕದ ಓದುಗರಿಗೆ, ಹೆಸರು ಬೇರೆಯಾದರೂ, ಈ ಗಡಿಗಳು ಹೊಸವಲ್ಲ. ಮೇಲಿನ ಲೆಕ್ಕಗಳಲ್ಲಿ ತನ ಅಂಕ 35.68ರಿಂದ 52.14ರವರೆಗೆ ಹರಡಿದೆ: ಎರಡು ಲೆಕ್ಕಗಳಲ್ಲಿ ಹಾಳೆ ಒಪ್ಪಿಸಿಯೂ ಅನುತ್ತೀರ್ಣ, ಕೆಲವುಗಳಲ್ಲಿ ಕೆಳಗಿನ ವರ್ಗದಲ್ಲಿ ಉತ್ತೀರ್ಣ, ವರ್ಗಮೂಲದಲ್ಲಿ ಅದಕ್ಕೂ ಒಂದು ಮೆಟ್ಟಿಲು ಮೇಲೆ. ಕ 70ರ ಗಡಿಯ ಎರಡೂ ಬದಿಗಳಲ್ಲಿ ಕಾಣಿಸಿಕೊಂಡಿದ್ದಾನೆ. ಚ ಒಂದೇ ಒಂದು ಬಾರಿ ಅದನ್ನು ದಾಟಿದ್ದಾನೆ, ಅದೂ 5.2ರ ದೋಷದಿಂದ. ಒಂದು ಕೃತಕ ಕೋಷ್ಟಕದಿಂದ ವಾಸ್ತವ ತರಗತಿಗಳಲ್ಲಿ ಇಂಥದ್ದು ಎಷ್ಟು ಬಾರಿ ನಡೆಯುತ್ತದೆಂದು ಹೇಳಲಾಗದು. ನಡೆಯಲು ಸಾಧ್ಯ ಎಂಬುದನ್ನಷ್ಟೇ ಅದು ತೋರಿಸುತ್ತದೆ.

6. 0.69ರ ಬಗ್ಗೆ

ನ್ಯಾನ್ಸಿ ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ 2000ದಲ್ಲಿ 48 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸಹಪಾಠಿ ಅಂಕ ಮತ್ತು ಅಧ್ಯಾಪಕರ ಅಂಕಗಳ ನಡುವಿನ ಸರಾಸರಿ ಸಹಸಂಬಂಧ ಗುಣಾಂಕ 0.69 ಎಂದು ಪ್ರಕಟಿಸಿದರು. 2016ರಲ್ಲಿ ಪ್ರಕಟವಾದ ಇನ್ನೊಂದು ಒಟ್ಟುವಿಶ್ಲೇಷಣೆ, 1999ರ ನಂತರದ 69 ಅಧ್ಯಯನಗಳಿಂದ, 0.63 ಎಂದಿತು. (ಒಂದರ ಗುಣಾಂಕದ ಅಂಕೆಗಳೂ ಇನ್ನೊಂದರ ಅಧ್ಯಯನಗಳ ಸಂಖ್ಯೆಯೂ 69 ಆಗಿರುವುದು ಕಾಕತಾಳೀಯ. ಉಲ್ಲೇಖಿಸುವವರು ಎಚ್ಚರದಿಂದಿರುವುದು ಒಳ್ಳೆಯದು.)

ಈ ಸಂಖ್ಯೆಗಳನ್ನು ಒಳಗುಂಪು ಮೌಲ್ಯಮಾಪನದ ವಿಶ್ವಾಸಾರ್ಹತೆಗೆ ಪುರಾವೆಯಾಗಿ ಬಳಸುವಾಗ ಮೂರು ತೊಡಕುಗಳಿವೆ. ಒಂದು, ಇವು ಅಳೆಯುವುದು ಅಧ್ಯಾಪಕರ ಅಂಕದೊಡನೆ ಒಪ್ಪಂದವನ್ನು. ಗುಂಪಿನ ಒಳಗೆ ಯಾರು ಎಷ್ಟು ದುಡಿದರೆಂಬುದು ಸಾಮಾನ್ಯವಾಗಿ ಅಧ್ಯಾಪಕರಿಗೆ ಕಾಣುವುದಿಲ್ಲ. ಕಾಣದಿರುವುದರಿಂದಲೇ ಸದಸ್ಯರನ್ನು ಕೇಳಲಾಗುತ್ತಿದೆ. ಹೋಲಿಸಲು ಅಧ್ಯಾಪಕರ ಅಂಕವೇ ಇಲ್ಲದ ಕಡೆ ಹೋಲಿಕೆಯ ಗುಣಾಂಕವನ್ನು ಒಯ್ಯುವುದಕ್ಕೆ ಪ್ರತ್ಯೇಕ ವಾದ ಬೇಕು. ಎರಡು, ಸಹಸಂಬಂಧ ಗುಣಾಂಕ ಏರಿಳಿತದ ಹೊಂದಿಕೆಯನ್ನು ಹೇಳುತ್ತದೆ, ಮಟ್ಟವನ್ನಲ್ಲ. ಸಹಪಾಠಿಗಳೆಲ್ಲ ಎಲ್ಲರಿಗೂ 10 ಅಂಕ ಹೆಚ್ಚು ಕೊಟ್ಟರೂ ಗುಣಾಂಕ ಕದಲುವುದಿಲ್ಲ. ಮೂರು, 0.69ರ ವರ್ಗ 0.48, 0.63ರ ವರ್ಗ 0.40. ಅಂಕಗಳ ಹರವಿನ ಅರ್ಧಕ್ಕಿಂತ ಹೆಚ್ಚು ಭಾಗ ಎರಡರಲ್ಲೂ ವಿವರಣೆಯ ಹೊರಗೆ ಉಳಿಯುತ್ತದೆ. ಈ ಮೂರನೆಯದು ಅಧ್ಯಯನಗಳ ದೋಷವಲ್ಲ. ಇಬ್ಬರು ಅಧ್ಯಾಪಕರ ನಡುವೆಯೂ ಪೂರ್ಣ ಒಪ್ಪಂದ ಇರುವುದಿಲ್ಲ.

2000ದ ವಿಶ್ಲೇಷಣೆಯ ಇನ್ನೊಂದು ಫಲಿತಾಂಶ ಕಡಿಮೆ ಉಲ್ಲೇಖವಾದರೂ ಹೆಚ್ಚು ಉಪಯುಕ್ತ: ಚೆನ್ನಾಗಿ ಅರ್ಥವಾದ ಮಾನದಂಡಗಳನ್ನು ಮುಂದಿಟ್ಟುಕೊಂಡು ಒಟ್ಟಾರೆ ಒಂದು ಅಂಕ ಕೊಟ್ಟಾಗ, ಅನೇಕ ಬಿಡಿ ಅಂಶಗಳಿಗೆ ಬೇರೆಬೇರೆ ಅಂಕ ಕೊಟ್ಟಾಗಿನದಕ್ಕಿಂತ ಒಪ್ಪಂದ ಹೆಚ್ಚಿತ್ತು. ಬಿಸಿನೆಸ್ ತರಗತಿಗಳ ನಮೂನೆಗಳು ಹೋಗುತ್ತಿರುವ ದಿಕ್ಕು ಇದಕ್ಕೆ ಎದುರಾದದ್ದೆಂದು ತೋರುತ್ತದೆ. ಲಾಫ್ರಿ, ಓಲಂಡ್, ಮೂರ್ 2007ರಲ್ಲಿ ರೂಪಿಸಿದ, ಈಗ ಪರ್ಡ್ಯೂ ವಿಶ್ವವಿದ್ಯಾಲಯದ ‘ಕ್ಯಾಟ್‌ಮೀ’ ಎಂಬ ಹೆಸರಿನಲ್ಲಿ ಪರಿಚಿತವಾಗಿರುವ ಸಾಧನದಲ್ಲಿ ಐದು ಬಿಡಿ ಆಯಾಮಗಳಿವೆ: ಕೆಲಸಕ್ಕೆ ಕೊಡುಗೆ, ಸಂಗಡಿಗರೊಡನೆ ವ್ಯವಹಾರ, ತಂಡವನ್ನು ಹಾದಿಯಲ್ಲಿಡುವುದು, ಗುಣಮಟ್ಟದ ನಿರೀಕ್ಷೆ, ಬೇಕಾದ ಜ್ಞಾನ ಮತ್ತು ಕೌಶಲ. ಆದರೆ ಕ್ಯಾಟ್‌ಮೀಯ ಉದ್ದೇಶ ಅಂಕ ಮಾತ್ರವಲ್ಲ, ಹಿಮ್ಮಾಹಿತಿಯೂ ಹೌದು. ಆದ್ದರಿಂದ ಎರಡನ್ನೂ ನೇರ ವಿರೋಧದಲ್ಲಿ ಇಡುವುದು ಪ್ರಾಯಶಃ ಸರಿಯಲ್ಲ.

7. ಪಕ್ಷಪಾತ ಮತ್ತು ಸಮಯ

ಪಾಂಡ್, ಉಲ್-ಹಕ್, ವೇಡ್ 1995ರಲ್ಲಿ ನಾಲ್ಕು ವಿಕೃತಿಗಳನ್ನು ಹೆಸರಿಸಿದರು: ಸ್ನೇಹಿತರಿಗೆ ಹೆಚ್ಚು ಕೊಡುವುದು, ಒಳಒಪ್ಪಂದದಿಂದ ಎಲ್ಲರಿಗೂ ಸಮ ಕೊಡುವುದು, ಗಟ್ಟಿ ದನಿಯವರು ಹೆಚ್ಚು ಪಡೆಯುವುದು, ದುಡಿಯದವರು ಗುಂಪು ಅಂಕದ ಲಾಭ ಪಡೆಯುವುದು. ವರ್ಗೀಕರಣ ಉಪಯುಕ್ತ. ಆದರೆ ಕೊನೆಯದು ಉಳಿದ ಮೂರರ ಜಾತಿಯದಲ್ಲ. ಮೊದಲ ಮೂರು ಸಹಪಾಠಿ ಅಂಕದ ದೋಷಗಳು, ಕೊನೆಯದು ಸಹಪಾಠಿ ಅಂಕವಿಲ್ಲದಿದ್ದರೂ ಇರುವ, ಅದು ಗುಣಪಡಿಸಬೇಕಾದ ರೋಗ. ಪರಸ್ಪರ ಕೊಡುಕೊಳ್ಳುವಿಕೆಯ ಬಗ್ಗೆ ಡಗ್ಲಸ್ ಮ್ಯಾಜಿನ್ 2001ರಲ್ಲಿ ಪರಿಶೀಲಿಸಿದ ದತ್ತಾಂಶದಲ್ಲಿ ಅದರ ಪರಿಣಾಮ ನಗಣ್ಯವಾಗಿತ್ತು. ನಾಲ್ಕನ್ನೂ ಒಂದೇ ಪ್ರಮಾಣದ ಅಪಾಯಗಳೆಂದು ಪಟ್ಟಿ ಮಾಡುವುದು ಇದರಿಂದಲೂ ಸಂದೇಹಾಸ್ಪದ.

ಬಿಸಿನೆಸ್ ವಿದ್ಯಾರ್ಥಿಗಳ ಬಗ್ಗೆಯೇ ನಡೆದ ಎರಡು ಅಧ್ಯಯನಗಳು ಸೂತ್ರಕ್ಕಿಂತ ಸಮಯಕ್ಕೆ ಮಹತ್ವ ಕೊಡುತ್ತವೆ. ಬ್ರೂಕ್ಸ್ ಮತ್ತು ಆಮನ್ಸ್ (2003) ಮೌಲ್ಯಮಾಪನ ಬೇಗ ಶುರುವಾಗಿ, ಪುನರಾವರ್ತನೆಯಾಗಿ, ನಿರ್ದಿಷ್ಟ ಮಾನದಂಡಗಳ ಮೇಲೆ ನಡೆದರೆ ಬಿಟ್ಟಿ ಲಾಭದ (2.2ರ ಆ) ಸಮಸ್ಯೆ ತಗ್ಗುತ್ತದೆಂದು ವರದಿ ಮಾಡಿದರು. ಅಗರ್‌ವಾಲ್ ಮತ್ತು ಓಬ್ರಿಯನ್ (2008) ಪ್ರಾಜೆಕ್ಟಿನ ವ್ಯಾಪ್ತಿ ಕಿರಿದು, ಗುಂಪು ಚಿಕ್ಕದು, ಸಹಪಾಠಿ ಮೌಲ್ಯಮಾಪನ ಒಂದಕ್ಕಿಂತ ಹೆಚ್ಚು ಬಾರಿ, ಈ ಮೂರನ್ನೂ ಕುಗ್ಗುವಿಕೆ ತಗ್ಗಿಸುವ ಅಂಶಗಳೆಂದು ಗುರುತಿಸಿದರು. ಹಲವು ಬಾರಿ ಮೌಲ್ಯಮಾಪನ ನಡೆದರೆ ಕೋಷ್ಟಕಗಳೂ ಹಲವು, ಅವುಗಳನ್ನು ಒಂದಾಗಿಸಲು ಇನ್ನೊಂದು ಸೂತ್ರ ಬೇಕು. ಪ್ರತಿ ಬಾರಿಯ ಗುಣಕಗಳ ಸರಾಸರಿಯೂ, ಎಲ್ಲ ಬಾರಿಯ ಕಚ್ಚಾ ಅಂಕ ಕೂಡಿಸಿ ತೆಗೆದ ಒಂದು ಗುಣಕವೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ.

8. ದುಂಡಾಗಿಸುವಿಕೆ

5.2ರ ಮೊದಲ ಸಾಲಿನಲ್ಲಿ ಕನ ಅನುಪಾತ 60/51.5, ಅಂದರೆ 1.16505. ಇದನ್ನು ಹಾಗೆಯೇ 60ರಿಂದ ಗುಣಿಸಿದರೆ 69.90. ಗುಣಕವನ್ನು ಮೊದಲು ಎರಡು ದಶಾಂಶಕ್ಕೆ ದುಂಡಾಗಿಸಿದರೆ 1.17, ಅಂಕ 70.20. ಕೊನೆಯ ಅಂಕವನ್ನು ಮಾತ್ರ ಪೂರ್ಣಾಂಕಕ್ಕೆ ದುಂಡಾಗಿಸಿದರೆ 70. ಗುಣಕವನ್ನು ಎರಡು ದಶಾಂಶಕ್ಕೆ ಕತ್ತರಿಸಿದರೆ 1.16, ಅಂಕ 69.60. ನಾಲ್ಕು ದಾರಿಗಳಲ್ಲಿ ಎರಡು 70ರ ಗಡಿಯ ಮೇಲೆ ಅಥವಾ ಆಚೆ, ಎರಡು ಈಚೆ. ಈ ಟಿಪ್ಪಣಿಯ ಎಲ್ಲ ಅಂಕಗಳನ್ನೂ ಗುಣಕವನ್ನು ದುಂಡಾಗಿಸದೆ ಗುಣಿಸಿ, ಕೊನೆಯಲ್ಲಿ ಮಾತ್ರ ಎರಡು ದಶಾಂಶಕ್ಕೆ ತರಲಾಗಿದೆ.